ಮಾರ್ಪಡಿಸಿದ ಲಾರಾ ವಿಆರ್‌ಎಸ್‌ಗೆ ಹಾಕಿಸಿದ ಎರಡನೆಯ ಕ್ಲಚ್: 9,000 ಕಿ.ಮೀ. ಓಡಿಸಿದ ಮೇಲೆ

ಮೈಸೂರಿನ ಮನೆಗೂ ಮಂಡ್ಯದ ಕಚೇರಿಗೂ ನಡುವೆ ವಾರಕ್ಕೆ ಐದು ದಿನ ಓಡುವ ನನ್ನ ಸ್ಕೋಡಾ ಲಾರಾ ವಿಆರ್‌ಎಸ್ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಕ್ಲಚ್ ಬದಲಿಸಬೇಕಾಯಿತು. ಮೊದಲ ಸಲ ಏನು ಕೇಳಬೇಕೆಂದು ತಿಳಿದಿದ್ದರೆ ಎರಡನೆಯ ಸಲ ಗೇರ್‌ಬಾಕ್ಸ್ ಇಳಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಈ ಕಾರಿನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಕಂಪನಿಯಿಂದ ಬರುವಾಗ 160 ಪಿಎಸ್ ಶಕ್ತಿ ಮತ್ತು 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಇಸಿಯು ರೀಮ್ಯಾಪ್ ಮಾಡಿಸಿದ ಮೇಲೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು), ಶಕ್ತಿ ಅಳೆಯುವ ಡೈನೊ ಯಂತ್ರದ ಗ್ರಾಫಿನಲ್ಲಿ ಟಾರ್ಕ್ 330 ಎನ್‌ಎಂ ಮುಟ್ಟಿತು. ಮೂರು ತಿಂಗಳು ಕಳೆಯುವುದರೊಳಗೆ, ಶ್ರೀರಂಗಪಟ್ಟಣದ ಬಳಿ ಐದನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಜಿಗಿಯುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಸ್ಲಿಪ್ ಆಗುವ, ಅಂದರೆ ಹಿಡಿತ ಸಾಲದೆ ಜಾರುವ ಕ್ಲಚ್ ಮೊದಲು ಮೇಲಿನ ಗೇರುಗಳಲ್ಲಿಯೇ ತನ್ನ ದೌರ್ಬಲ್ಯ ತೋರಿಸುತ್ತದೆ. ಒಂದನೇ ಗೇರಿನಲ್ಲಿ ಎಲ್ಲವೂ ಸರಿಯಾಗಿರುವಂತೆ ಕಾಣುವುದರಿಂದ ಅನೇಕರಿಗೆ ಇದು ತಡವಾಗಿ ತಿಳಿಯುತ್ತದೆ.

ಮೈಸೂರಿನ ಒಂದು ಗ್ಯಾರೇಜಿನವರು, ಪವರ್ ಹೆಚ್ಚಿಸಿದ ಕಾರಿಗೆ ಇದೇ ಬೇಕೆಂದು ಹೇಳಿ, ಆರು ಪಕ್‌ಗಳ (ಉಜ್ಜುವ ಬಿಡಿ ತುಣುಕುಗಳ) ಸೆರಾಮಿಕ್ ಕ್ಲಚ್ ಪ್ಲೇಟನ್ನು ಸಾಲಿಡ್ ಫ್ಲೈವೀಲ್ (ಎಂಜಿನ್ನಿಗೆ ಜೋಡಿಸುವ, ಒಂದೇ ತುಂಡಿನ ಭಾರದ ಚಕ್ರ) ಜೊತೆಗೆ ಹಾಕಿದರು. ಅದು ಒಂದು ಸಲವೂ ಸ್ಲಿಪ್ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸೆರಾಮಿಕ್ ಪ್ಲೇಟಿಗೆ ಹಿಡಿಯುವುದು ಮತ್ತು ಬಿಡುವುದು ಎರಡೇ ಗೊತ್ತು. ಹಾಫ್ ಕ್ಲಚ್ಚಿನಲ್ಲಿ ಮೆಲ್ಲನೆ ಸಾಗುವುದು ಅದಕ್ಕೆ ಒಗ್ಗುವುದಿಲ್ಲ. ದಸರಾ ಸಮಯದಲ್ಲಿ ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆಗೆ ತಿರುಗುವಷ್ಟರಲ್ಲಿ ಕಾರು ಹತ್ತಾರು ಸಲ ಜರ್ಕ್ ಹೊಡೆಯುತ್ತಿತ್ತು, ಹಿಂದಿನ ಸೀಟಿನಲ್ಲಿ ಕುಳಿತ ನನ್ನ ತಾಯಿ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಇದರ ಜೊತೆಗೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ನಿಂತರೆ ಗೇರ್‌ಬಾಕ್ಸಿನಿಂದ ಗಡಗಡ ಸದ್ದು. ಕಂಪನಿಯ ಡ್ಯುಯಲ್ ಮಾಸ್ ಫ್ಲೈವೀಲ್ ಎರಡು ಭಾಗಗಳಾಗಿದ್ದು, ನಡುವಿನ ಸ್ಪ್ರಿಂಗುಗಳು ಎಂಜಿನ್ನಿನ ಕಂಪನವನ್ನು ಗೇರ್‌ಬಾಕ್ಸಿಗೆ ಹೋಗದಂತೆ ತಡೆಯುತ್ತವೆ. ಸಾಲಿಡ್ ಫ್ಲೈವೀಲಿನಲ್ಲಿ ಆ ಕೆಲಸವನ್ನು ಪ್ಲೇಟಿನ ನಡುವಿನ ಚಿಕ್ಕ ಸ್ಪ್ರಿಂಗುಗಳೇ ಮಾಡಬೇಕು, ಅವುಗಳಿಂದ ಅಷ್ಟೆಲ್ಲ ಆಗುವುದಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಟ್ರ್ಯಾಕಿನಲ್ಲಷ್ಟೇ ಓಡಿಸುವ ಕಾರಿಗೆ ಈ ಜೋಡಿ ಸೂಕ್ತವಿರಬಹುದು, ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಖಂಡಿತ ಅಲ್ಲ. ಐದು ತಿಂಗಳಿಗೆ ಅದನ್ನು ತೆಗೆಸಿದೆ.

ಎರಡನೆಯ ಸಲ ಮಂಡ್ಯದ ಹಳೆಯ ಹೆದ್ದಾರಿಯ ಬದಿಯಲ್ಲಿರುವ ಸಣ್ಣ ಗ್ಯಾರೇಜಿಗೆ ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ್ದು ಪವರ್ ಎಷ್ಟು ಎಂದಲ್ಲ; ಟಾರ್ಕ್ ಎಷ್ಟು ಮತ್ತು ದಿನಕ್ಕೆ ಎಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ ಇರುತ್ತೀರಿ ಎಂದು. "ದಿನಾ ಓಡ್ಸೋ ಗಾಡಿಗೆ ಪಕ್ ಪ್ಲೇಟ್ ಬ್ಯಾಡ ಸಾರ್, ಪ್ರೆಷರ್ ಪ್ಲೇಟ್ ಗಟ್ಟಿ ಮಾಡಿ, ಪ್ಲೇಟ್ ಆರ್ಗ್ಯಾನಿಕ್ಕೇ ಇರ್ಲಿ" ಎಂದರು. ಪ್ರೆಷರ್ ಪ್ಲೇಟ್ ಎಂದರೆ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಭಾಗ; ಆರ್ಗ್ಯಾನಿಕ್ ಎಂದರೆ ಸಾಮಾನ್ಯ ಕಾರುಗಳ ಪ್ಲೇಟಿನಲ್ಲಿರುವ, ಮೆಲ್ಲನೆ ಹಿಡಿಯುವ ವಸ್ತು. ಆ ಮಾತಿನ ಹಿಂದೆ ಸರಳವಾದ ಲೆಕ್ಕವಿದೆ. ಕ್ಲಚ್ ತಡೆದುಕೊಳ್ಳುವ ಟಾರ್ಕ್ ಎಂದರೆ ಘರ್ಷಣಾಂಕ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ ಇವುಗಳ ಗುಣಲಬ್ಧ. ಉದಾಹರಣೆಗೆ ಘರ್ಷಣಾಂಕ 0.3, ಒತ್ತುವ ಬಲ 6,000 ನ್ಯೂಟನ್, ತ್ರಿಜ್ಯ 0.09 ಮೀಟರ್, ಮುಖಗಳು 2 ಎಂದಾದರೆ 324 ಎನ್‌ಎಂ ಬರುತ್ತದೆ. ಒತ್ತುವ ಬಲವನ್ನು 8,000 ನ್ಯೂಟನ್ನಿಗೆ ಏರಿಸಿದರೆ ಅದೇ ಪ್ಲೇಟು 432 ಎನ್‌ಎಂ ಹಿಡಿಯುತ್ತದೆ. ಪ್ಲೇಟು ಬಿಸಿಯೇರಿದಾಗ ಹಿಡಿತ ಕಡಿಮೆಯಾಗುವುದರಿಂದ ನಮ್ಮ ಟಾರ್ಕಿಗಿಂತ ಕಾಲುಭಾಗದಷ್ಟು ಹೆಚ್ಚಿನ ಸಾಮರ್ಥ್ಯದ ಕಿಟ್ ಸಾಕು. ನಾನು ಆರಿಸಿದ್ದು 420 ಎನ್‌ಎಂ ಎಂದು ನಮೂದಿಸಿದ್ದ ಆರ್ಗ್ಯಾನಿಕ್ ಕಿಟ್. ಅದರ ಜೊತೆಗೆ ಹೊಸ ಡ್ಯುಯಲ್ ಮಾಸ್ ಫ್ಲೈವೀಲ್.

ಇಲ್ಲಿ ಎಚ್ಚರ ವಹಿಸಬೇಕಾದದ್ದೆಂದರೆ, ಡ್ಯುಯಲ್ ಮಾಸ್‌ಗೆಂದು ತಯಾರಾದ ಪ್ಲೇಟುಗಳಲ್ಲಿ ಅನೇಕವಕ್ಕೆ ನಡುವೆ ಸ್ಪ್ರಿಂಗುಗಳೇ ಇರುವುದಿಲ್ಲ. ಅಂಥದ್ದನ್ನು ಸಾಲಿಡ್ ಫ್ಲೈವೀಲಿಗೆ ಹಾಕಿದರೆ ಕಂಪನವೆಲ್ಲ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಮತ್ತು ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಹಿಂಬದಿಯ ಆಯಿಲ್ ಸೀಲನ್ನೂ ಬದಲಿಸುವುದೇ ಲೇಸು, ಏಕೆಂದರೆ ಸೀಲಿನಿಂದ ಎಣ್ಣೆ ಸೋರಿ ಪ್ಲೇಟಿಗೆ ತಾಗಿದರೆ ಎಷ್ಟು ದುಬಾರಿಯ ಕ್ಲಚ್ಚೂ ಜಾರುತ್ತದೆ. ಫ್ಲೈವೀಲ್ ಬೋಲ್ಟುಗಳು ಒಂದೇ ಸಲ ಬಳಸುವಂಥವು, ಹಳೆಯವನ್ನು ಮತ್ತೆ ಬಿಗಿಯಲು ಬಿಡಬೇಡಿ. ಎಲ್ಲ ಸೇರಿ ನನಗೆ 1,02,000 ರೂಪಾಯಿ ತಗುಲಿತು, ಅದರಲ್ಲಿ ಕೂಲಿ 9,000.

ಮೊದಲ 800 ಕಿ.ಮೀ. ಪೂರ್ತಿ ಆಕ್ಸಿಲರೇಟರ್ ಕೊಡದೆ, ಬೇಕೆಂದೇ ಊರೊಳಗೆ ಹೆಚ್ಚು ಓಡಿಸಿ ಪ್ಲೇಟು ಕೂರಲು ಬಿಟ್ಟೆ. ಪೆಡಲ್ ಮೂಲ ಕ್ಲಚ್ಚಿಗಿಂತ ಗಟ್ಟಿಯಾಗಿದೆ, ಸಂಜೆಯ ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಅದು ಗೊತ್ತಾಗುತ್ತದೆ. ಒತ್ತುವ ಬಲ ಹೆಚ್ಚಿಸಿದ್ದಕ್ಕೆ ತೆರಬೇಕಾದ ಬೆಲೆ ಅದು. ಜರ್ಕ್ ಇಲ್ಲ, ಗಡಗಡ ಸದ್ದೂ ಇಲ್ಲ. ಕಳೆದ ಭಾನುವಾರ ನಾಲ್ಕು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ, ನಂದಿಯ ಕಡೆಗೆ ತಿರುಗುವ ದಾರಿಯ ಏರಿನಲ್ಲಿ ವಾಹನಗಳ ಸಾಲು ನಿಂತು ನಿಂತು ಸಾಗುತ್ತಿತ್ತು. ಅಷ್ಟು ಹೊತ್ತು ಹಾಫ್ ಕ್ಲಚ್ಚಿನಲ್ಲಿಯೇ ಕಾರನ್ನು ಮುಂದಕ್ಕೆ ಸರಿಸಿದರೂ ಸುಟ್ಟ ವಾಸನೆ ಬರಲಿಲ್ಲ, ಇಳಿದು ಬಂದ ಮೇಲೆ ನಂಜನಗೂಡು ರಸ್ತೆಯಲ್ಲಿ ಐದನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿದಾಗ ಮುಳ್ಳೂ ವೇಗವೂ ಒಟ್ಟಿಗೇ ಏರಿದವು.