ಹೀಟರ್ ತಣ್ಣಗಾದರೆ ಬಾನೆಟ್ ತೆಗೆದು ನೋಡಿ, ನನ್ನ ಹಾಗೆ ಸ್ವೆಟರ್ ಹಾಕಿಕೊಳ್ಳಬೇಡಿ

ನಾನು ಮಾಡಿದ ಮೊದಲ ತಪ್ಪು ಸ್ವೆಟರ್ ಹಾಕಿಕೊಂಡದ್ದು. ಕಾರಿನ ಹೀಟರ್‌ನಲ್ಲಿ ಬಿಸಿ ಗಾಳಿ ಬರುತ್ತಿರಲಿಲ್ಲ. ಚಳಿ ಇನ್ನೇನು ಮುಗಿಯುತ್ತೆ, ಆಮೇಲೆ ಹೀಟರ್ ಯಾರಿಗೆ ಬೇಕು ಅಂದುಕೊಂಡೆ. ಆರು ವಾರ ಕಳೆಯುವಷ್ಟರಲ್ಲಿ ಅದೇ ಕಾರು ಇಂಜಿನ್ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ನಿಂತಿತ್ತು. ಈ ಮಧ್ಯೆ ಬೇಡದ ಒಂದು ಮೋಟಾರ್ ಹಾಕಿಸಿದ್ದೆ, ಲೀಕ್ ನಿಲ್ಲಿಸುತ್ತೆ ಅನ್ನುವ ಒಂದು ಬಾಟಲಿ ದ್ರಾವಣ ಸುರಿದಿದ್ದೆ, ಮೂರು ಗ್ಯಾರೇಜ್ ಹತ್ತಿ ಇಳಿದಿದ್ದೆ. ನಿಮ್ಮ ಗಾಡಿಯ ಹೀಟರ್ ಈಗ ಇದೇ ಆಟ ಆಡುತ್ತಿದ್ದರೆ ಪೂರ್ತಿ ಓದಿ.

ಶುರುವಾದದ್ದು ಹೀಗೆ. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಹೀಟರ್ ಬಿಸಿಯಾಗಿಯೇ ಇರುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಒಂದೆರಡು ನಿಮಿಷಕ್ಕೆ ಗಾಳಿ ತಣ್ಣಗಾಗುತ್ತಿತ್ತು. ಮತ್ತೆ ಆಕ್ಸಿಲರೇಟರ್ ಒತ್ತಿದರೆ ಬಿಸಿ. ಗಾಡಿ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಅನ್ನುವ ಸದ್ದು ಬೇರೆ. ಆ ಸದ್ದು ನನಗೆ ತಮಾಷೆಯಾಗಿ ಕೇಳಿಸಿತ್ತು. ನೋಡಿ, ಗಾಡಿ ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು, ನನಗೆ ಅದರ ಭಾಷೆ ಗೊತ್ತಿರಲಿಲ್ಲ.

ಪೆಟ್ರೋಲ್, ಡೀಸೆಲ್ ಗಾಡಿಯ ಹೀಟರ್ ತಾನಾಗಿ ಬಿಸಿ ಮಾಡುವ ಯಂತ್ರ ಅಲ್ಲ. ಇಂಜಿನ್ ಸುಡುವ ಇಂಧನದಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗವಷ್ಟೇ ಗಾಡಿ ಓಡಿಸಲು ಆಗುತ್ತೆ. ಉಳಿದದ್ದು ಬಿಸಿಯಾಗಿ ಹೋಗುತ್ತೆ, ಕೆಲವಷ್ಟು ಸೈಲೆನ್ಸರ್ ದಾರಿಯಲ್ಲಿ, ಕೆಲವಷ್ಟು ಕೂಲಂಟ್ ಮೂಲಕ ರೇಡಿಯೇಟರ್‌ಗೆ. ಕೂಲಂಟ್ ಅಂದರೆ ಇಂಜಿನ್ ತಣ್ಣಗಿಡಲು ಒಳಗೆ ಸುತ್ತುವ ದ್ರವ, ನಾನು ನೀರು ಅನ್ನುವುದೂ ಇದನ್ನೇ; ಅದರ ಬಿಸಿ ಆರಿಸುವುದು ರೇಡಿಯೇಟರ್. ಆ ಬಿಸಿ ಕೂಲಂಟ್‌ನ ಒಂದು ಪಾಲನ್ನು ಎರಡು ಪೈಪ್ ಮೂಲಕ ಡ್ಯಾಶ್‌ಬೋರ್ಡ್ ಒಳಗೆ ತರುತ್ತಾರೆ. ಅಲ್ಲಿ ಪುಸ್ತಕದ ಗಾತ್ರದ ಚಿಕ್ಕ ರೇಡಿಯೇಟರ್ ಇರುತ್ತೆ, ಅದೇ ಹೀಟರ್ ಕೋರ್. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತೆ, ಅಷ್ಟೇ. ಬ್ಯಾಟರಿ ಗಾಡಿಗಳ ಕಥೆ ಬೇರೆ, ಅವುಗಳಲ್ಲಿ ಬಿಸಿಗೆ ಕರೆಂಟ್ ಬೇಕು.

ಅಂದರೆ ಹೀಟರ್ ತಣ್ಣಗಿದೆ ಅಂದರೆ ಇಂಜಿನ್ನಿನ ಬಿಸಿನೀರು ಅಲ್ಲಿಗೆ ಬರುತ್ತಿಲ್ಲ, ಅಥವಾ ಬಂದರೂ ಗಾಳಿ ಅದರ ಮೇಲೆ ಹಾಯುತ್ತಿಲ್ಲ. ಎರಡನೆಯದಾದರೆ ಬರೀ ಚಳಿ. ಮೊದಲನೆಯದಾದರೆ ಇಂಜಿನ್ನಿಗೇ ಅಪಾಯ ಇರಬಹುದು. ಬಹಳಷ್ಟು ಗಾಡಿಗಳಲ್ಲಿ ಹೀಟರ್ ಕೋರ್ ಎತ್ತರದ ಜಾಗದಲ್ಲಿರುತ್ತೆ. ಕೂಲಂಟ್ ಕಡಿಮೆಯಾದರೆ ಗಾಳಿ ಮೊದಲು ಅಲ್ಲಿ ಸೇರಿಕೊಳ್ಳುತ್ತೆ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಕೂಲಂಟ್ ಸುತ್ತಿಸುವ ವಾಟರ್ ಪಂಪ್ ನಿಧಾನವಾಗಿ ತಿರುಗುವುದರಿಂದ ಅಷ್ಟು ಎತ್ತರಕ್ಕೆ ನೀರು ತಳ್ಳಲು ಆಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಹೇಗೋ ತಳ್ಳುತ್ತೆ. ನನ್ನ ಗಾಡಿ ಮಾಡುತ್ತಿದ್ದದ್ದು ಇದನ್ನೇ.

ಇದೆಲ್ಲ ಆಗ ಗೊತ್ತಿರಲಿಲ್ಲ. ಆದರೂ ಬಾನೆಟ್ ಎತ್ತಿ ನೋಡಿದ್ದೆ, ಅದನ್ನು ಹೇಳಿಬಿಡಬೇಕು. ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲಂಟ್ ಎರಡು ಗೆರೆಗಳ ಮಧ್ಯೆ ಸರಿಯಾಗಿತ್ತು. ಸರಿ, ನೀರಿದೆ ಅಂತ ಬಾನೆಟ್ ಮುಚ್ಚಿದೆ.

ನಾನು ಮೋಸ ಹೋದದ್ದು ಈ ಬಾಟಲಿಯಲ್ಲೇ. ರೇಡಿಯೇಟರ್ ಮೇಲೆ ಬೇರೆ ಮುಚ್ಚಳ ಇರುವ ಗಾಡಿಗಳಲ್ಲಿ ಈ ಬಾಟಲಿ ಬರೀ ಕಾಯ್ದಿಟ್ಟ ನೀರು. ಇಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲಂಟ್ ಮುಚ್ಚಳ ದಾಟಿ ಬಾಟಲಿಗೆ ಬರುತ್ತೆ. ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ರಬ್ಬರ್ ಹಾಳಾಗಿದ್ದರೆ, ಅದರೊಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿದ್ದರೆ, ಇಲ್ಲವೇ ಬೇರೆಲ್ಲೋ ಸೋರುತ್ತಿದ್ದು ಅಲ್ಲಿಂದ ಗಾಳಿ ಒಳಗೆ ಬರುತ್ತಿದ್ದರೆ, ಬಾಟಲಿಯ ನೀರು ಅಲ್ಲಾಡುವುದೇ ಇಲ್ಲ. ಒಳಗೆ ಅರ್ಧ ಖಾಲಿ, ಹೊರಗೆ ಬಾಟಲಿ ತುಂಬಿ ತುಳುಕುತ್ತಿರುತ್ತೆ. ನನ್ನ ಗಾಡಿಯಲ್ಲಿ ಮುಚ್ಚಳವೂ ಹಾಳು, ವಾಟರ್ ಪಂಪ್ ಸೀಲಿನಲ್ಲಿ ಸೋರಿಕೆಯೂ ಇತ್ತು. ಸೋರಿದ ನೀರು ಬಿಸಿ ಇಂಜಿನ್ ಮೇಲೆ ಆರಿಹೋಗಿ, ನೆಲದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ.

ಇಂಜಿನ್ ಪೂರ್ತಿ ತಣ್ಣಗಿರುವಾಗ, ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ರೇಡಿಯೇಟರ್ ಮುಚ್ಚಳವನ್ನೇ ತೆಗೆದು ಒಳಗೆ ನೋಡಿ. ಕೂಲಂಟ್ ಕುತ್ತಿಗೆವರೆಗೆ ಕಾಣಬೇಕು. ರೇಡಿಯೇಟರ್ ಮೇಲೆ ಬೇರೆ ಮುಚ್ಚಳವಿಲ್ಲದೆ, ಒತ್ತಡ ತಡೆಯುವ ಟ್ಯಾಂಕ್ ಒಂದೇ ಇರುವ ಗಾಡಿಯಾದರೆ ಅದರ ಗೆರೆ ನಂಬಬಹುದು. ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಅನ್ನುವ ರಾಸಾಯನಿಕ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತೆ. 15 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳದ ಒತ್ತಡದಲ್ಲಿ ಸುಮಾರು 129 ಡಿಗ್ರಿವರೆಗೂ ಕುದಿಯದೆ ಇರುತ್ತೆ. ಮುಚ್ಚಳ ಸಡಿಲಿಸಿದ ಕೂಡಲೇ ಒತ್ತಡ ಹೋಗಿ, ಅದೆಲ್ಲ ಒಂದೇ ಸಲ ಕುದಿದು ಮುಖಕ್ಕೆ ಎರಚುತ್ತೆ.

ಈಗ ಗ್ಯಾರೇಜ್ ವಿಷಯ. ಮೊದಲನೆಯದರಲ್ಲಿ ನಾನು ಹೇಳಿದ ಲಕ್ಷಣ ಕೇಳಿಸಿಕೊಂಡರು. ಬಾನೆಟ್ ತೆಗೆಯಲಿಲ್ಲ. ಡ್ಯಾಶ್‌ಬೋರ್ಡ್ ಕಡೆ ಕಿವಿಯಿಟ್ಟು, ಬಿಸಿ ಗಾಳಿ ತಣ್ಣನೆ ಗಾಳಿ ಬೆರೆಸುವ ಬಾಗಿಲಿನ ಮೋಟಾರ್ ಹೋಗಿದೆ, ಬದಲಿಸಬೇಕು ಎಂದರು. ಆ ಮೋಟಾರ್ ಹಾಳಾಗುವುದು ನಿಜ. ಹಾಳಾದರೆ ಸಾಮಾನ್ಯವಾಗಿ ಉಷ್ಣತೆಯ ಗುಂಡಿ ತಿರುಗಿಸಿದಾಗ ಟಕ್ ಟಕ್ ಸದ್ದು ಬರುತ್ತೆ, ಅಥವಾ ಎಡಕ್ಕೆ ಬಿಸಿ ಬಲಕ್ಕೆ ತಣ್ಣಗೆ ಬರುತ್ತೆ. ನನಗೆ ಎರಡೂ ಇರಲಿಲ್ಲ. ಅದಕ್ಕಿಂತ ಮುಖ್ಯ, ಇಂಜಿನ್ ವೇಗ ಎಷ್ಟಿದೆ ಅನ್ನುವುದು ಆ ಬಾಗಿಲಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಸಿಗ್ನಲ್‌ನಲ್ಲಿ ತಣ್ಣಗೆ, ಓಡುವಾಗ ಬಿಸಿ ಅಂದಾಗಲೇ ಅವರಿಗೆ ಹೊಳೆಯಬೇಕಿತ್ತು. ನನಗೂ ಹೊಳೆಯಬೇಕಿತ್ತು ಅನ್ನಿ.

ಡ್ಯಾಶ್‌ಬೋರ್ಡ್ ಕೆಳಗೆ ಬಿಚ್ಚಿ ಮೋಟಾರ್ ಹಾಕಿದರು. ಟೆಸ್ಟ್ ಡ್ರೈವ್‌ಗೆ ಕರೆದುಕೊಂಡು ಹೋಗಿ ‘ನೋಡಿ, ಬಿಸಿ ಬರ್ತಿದೆ’ ಅಂದರು. ಬರದೆ ಏನು, ಗಾಡಿ ಓಡುತ್ತಿತ್ತಲ್ಲ! ದುಡ್ಡು ಕೊಟ್ಟು ಹೊರಟೆ. ಮೊದಲ ಸಿಗ್ನಲ್‌ನಲ್ಲೇ ತಣ್ಣಗಾಯಿತು.

ವಾಪಸ್ ಹೋಗಿ ಜಗಳ ಆಡುವ ಬದಲು ಎರಡನೇ ಗ್ಯಾರೇಜಿಗೆ ಹೋದೆ. ಅವರು ಕನಿಷ್ಠ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರು, ಕೂಲಂಟ್ ಕಡಿಮೆಯಿದೆ ಅಂದರು. ಅಲ್ಲಿಗೆ ಸರಿಯಾದ ದಾರಿಯಲ್ಲೇ ಇದ್ದರು. ಆದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಲಿಲ್ಲ. ಪ್ರೆಷರ್ ಟೆಸ್ಟ್ ಮಾಡಿದ್ದರೆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತಿತ್ತು. ಮುಚ್ಚಳದ ಜಾಗಕ್ಕೆ ಕೈಪಂಪ್ ಕಟ್ಟಿ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತಾ ನೋಡುವುದು ಅಷ್ಟೇ ಕೆಲಸ. ಬದಲಿಗೆ ನಲ್ಲಿ ನೀರು ತುಂಬಿಸಿ, ಲೀಕ್ ಮುಚ್ಚುವ ದ್ರಾವಣದ ಬಾಟಲಿ ಪೂರ್ತಿ ಸುರಿದರು. ‘ಬಿಚ್ಚೋ ಖರ್ಚು ಉಳೀತು’ ಅಂದಾಗ ನನಗೂ ಖುಷಿಯೇ ಆಯಿತು.

ಆ ದ್ರಾವಣಕ್ಕೆ ಸೋರುವ ತೂತು ಯಾವುದು, ಸಣ್ಣ ಕೊಳವೆ ಯಾವುದು ಅಂತ ತಿಳಿಯುವುದಿಲ್ಲ. ಹೀಟರ್ ಕೋರ್‌ನ ಕೊಳವೆಗಳು ತೀರಾ ಕಿರಿದು, ಅಲ್ಲಿ ಹರಿವೂ ನಿಧಾನ. ಮೊದಲೇ ತುಕ್ಕು, ಕೆಸರು ಕೂತಿದ್ದರೆ ದ್ರಾವಣದೊಳಗಿನ ಪುಡಿಯೂ ಸೇರಿ ಗಟ್ಟಿಯಾಗುತ್ತೆ. ನಲ್ಲಿ ನೀರಿನ ಉಪ್ಪು ಇನ್ನೊಂದು ಪದರ. ಊರಿಂದ ದೂರ ಸಿಕ್ಕಿಬಿದ್ದು ಹೇಗಾದರೂ ಮನೆ ಸೇರಬೇಕು ಅನ್ನುವವರು ಅದನ್ನು ಹಾಕಿಕೊಂಡರೆ ನಾನು ಬೈಯುವುದಿಲ್ಲ. ಬಾಗಿಲು ಹಾಕಿ ಕೂತು ರಿಪೇರಿ ಮಾಡಬಹುದಾದ ಗ್ಯಾರೇಜಿನಲ್ಲಿ ಅದನ್ನು ಸುರಿಯುವುದು ಸೋಮಾರಿತನ.

ಒಂದು ವಾರದಲ್ಲಿ ಹೀಟರ್ ಓಡುವಾಗಲೂ ತಣ್ಣಗಾಯಿತು. ಸೋರಿಕೆ ಮಾತ್ರ ನಿಂತಿರಲಿಲ್ಲ. ಕೋರ್ ಕಟ್ಟಿಕೊಂಡಿದ್ದರಿಂದ ನೀರು ಕಡಿಮೆಯಾಗಿದೆ ಅಂತ ಹೇಳುವ ಗಾಡಿಯ ಬಾಯಿಯನ್ನೂ ನಾವೇ ಮುಚ್ಚಿದ ಹಾಗಾಗಿತ್ತು.

ಟೆಂಪರೇಚರ್ ಮುಳ್ಳು ನೋಡುತ್ತಿರಲಿಲ್ಲವಾ ಅಂತ ಕೇಳುತ್ತೀರಿ. ನೋಡುತ್ತಿದ್ದೆ. ಮಧ್ಯದಲ್ಲೇ ಇತ್ತು. ಈಗಿನ ಬಹಳ ಕಾರುಗಳಲ್ಲಿ ಮುಳ್ಳು ನಿಜವಾದ ಉಷ್ಣತೆ ತೋರಿಸುವುದಿಲ್ಲ. ಮಾಲೀಕರು ಗಾಬರಿಯಾಗದಿರಲಿ ಅಂತ ಸಾಕಷ್ಟು ಏರಿಳಿತವಾದರೂ ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಸೆನ್ಸರ್ ಇರುವ ಜಾಗದಲ್ಲಿ ನೀರೇ ಇಲ್ಲದಿದ್ದರೆ ಅದು ಗಾಳಿಯನ್ನು ಅಳೆಯುತ್ತೆ, ಏನೇನೋ ತೋರಿಸುತ್ತೆ. ಒಂದು ದೊಡ್ಡ ಏರು ಹತ್ತುವಾಗ ನನ್ನ ಮುಳ್ಳು ಮೊದಲು ಸ್ವಲ್ಪ ಕೆಳಗಿಳಿಯಿತು. ಆಮೇಲೆ ಒಂದೇ ನೆಗೆತಕ್ಕೆ ಕೆಂಪಿಗೆ ಹೋಯಿತು. ಇಂಜಿನ್ ಬಿಸಿಯಾದರೆ ಹೀಟರ್ ಫುಲ್ ಹಾಕು, ಸ್ವಲ್ಪ ಬಿಸಿ ಹೊರಗೆ ಹೋಗುತ್ತೆ ಅಂತ ಯಾರೋ ಹೇಳಿದ್ದು ನೆನಪಾಗಿ ಹಾಕಿದೆ. ತಣ್ಣನೆ ಗಾಳಿ ಬಂತು. ಇಂಜಿನ್ ಕುದಿಯುತ್ತಿದೆ, ಹೀಟರ್‌ನಲ್ಲಿ ಐಸ್! ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ.

ಟೋ ಮಾಡಲು ಬಂದವನು ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸರ್, ಮತ್ತೆ ಬಿಸಿಯಾಗೋದೇ ಇಲ್ಲ’ ಎಂದು ಸಲಹೆ ಕೊಟ್ಟ. ಇದನ್ನೂ ಕೇಳಬೇಡಿ. ಅದು ಸುಮಾರು 82ರಿಂದ 95 ಡಿಗ್ರಿ ಮಧ್ಯೆ, ಗಾಡಿಗೆ ತಕ್ಕಂತೆ, ತೆರೆದುಕೊಳ್ಳುವ ವಾಲ್ವ್. ಕಿತ್ತರೆ, ಅಥವಾ ಅದು ತೆರೆದೇ ಅಂಟಿಕೊಂಡರೆ, ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಇಂಧನ ಜಾಸ್ತಿ ಕುಡಿಯುತ್ತೆ. ಆಗಲೂ ಹೀಟರ್ ತಣ್ಣಗಾಗುತ್ತೆ, ಆದರೆ ನನ್ನದಕ್ಕೆ ಉಲ್ಟಾ. ನಿಂತಾಗ ಬೆಚ್ಚಗೆ, ವೇಗವಾಗಿ ಓಡುವಾಗ ಗಾಳಿ ಹೊಡೆದು ತಣ್ಣಗೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ, ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅನ್ನುವ ಪಿ0128 ಕೋಡ್ ಸಿಕ್ಕರೆ ಇದರ ಮೇಲೆ ಅನುಮಾನ ಪಡಬಹುದು, ಆದರೆ ಅದಕ್ಕೂ ಮೊದಲು ಕೂಲಂಟ್ ಮಟ್ಟ ನೋಡಿ. ನೀರು ಕಡಿಮೆಯಿದ್ದರೂ ಆ ಕೋಡ್ ಬರಬಹುದು.

ಮೂರನೇ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ನನ್ನ ಕಥೆ ಕೇಳಿ ನಗಲಿಲ್ಲ, ಅದಕ್ಕೇ ಅವರ ಮೇಲೆ ಗೌರವ ಬಂತು. ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ ಕೆಳಗಿನ ಸೀಲ್, ಸುಟ್ಟಿತ್ತು, ಹೆಡ್ ಸ್ವಲ್ಪ ಬಾಗಿತ್ತು. ಅದನ್ನು ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್, ಪಂಪ್, ಮುಚ್ಚಳ ಹಾಕಿದರು. ಎಲ್ಲ ಮುಗಿದ ಮೇಲೆ ಹೀಟರ್ ಕೋರ್ ಎಷ್ಟು ಕಟ್ಟಿಕೊಂಡಿದೆ ಅಂತ ತೋರಿಸಿದರು. ಇಂಜಿನ್ ಬಿಸಿಯಾಗಿರುವಾಗ, ಇಂಜಿನ್ ಮತ್ತು ಕ್ಯಾಬಿನ್ ಮಧ್ಯದ ಗೋಡೆ ಹೊಕ್ಕುವ ಎರಡು ಪೈಪ್‌ಗಳ ಹತ್ತಿರ ಜೋಪಾನವಾಗಿ ಕೈ ತಂದರು. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ತೋಳು, ದಾರ ನೇತಾಡಬಾರದು. ಒಂದು ಪೈಪ್ ಸುಡುತ್ತಿತ್ತು, ಇನ್ನೊಂದು ಉಗುರುಬೆಚ್ಚಗಿತ್ತು. ಅಂದರೆ ನೀರು ಒಳಗೆ ಹೋಗುತ್ತಿದೆ, ಹಾದು ಬರುತ್ತಿಲ್ಲ. ಕೆಲವು ಗಾಡಿಗಳಲ್ಲಿ ಆ ದಾರಿಯಲ್ಲೊಂದು ವಾಲ್ವ್ ಇರುತ್ತೆ, ಅದು ಮುಚ್ಚಿಕೊಂಡಿದ್ದರೂ ಹೀಗೇ. ಎರಡೂ ಸುಡುತ್ತಿದ್ದರೆ ನೀರಿನದು ತಪ್ಪಿಲ್ಲ, ಆಗ ಬಾಗಿಲಿನ ಮೋಟಾರ್ ನೋಡಬೇಕು. ಎರಡೂ ತಣ್ಣಗಿದ್ದರೆ ಕೂಲಂಟ್ ಕಡಿಮೆ, ಏರ್ ಲಾಕ್ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ), ಪಂಪ್ ಅಥವಾ ಥರ್ಮೋಸ್ಟಾಟ್. ಮೊದಲ ದಿನವೇ ಯಾರಾದರೂ ಈ ಎರಡು ಪೈಪ್ ಮುಟ್ಟಿ ನೋಡಿದ್ದರೆ ಸಾಕಿತ್ತು.

ಕೋರ್‌ಗೆ ಉಲ್ಟಾ ದಿಕ್ಕಿನಿಂದ ನಿಧಾನವಾಗಿ ನೀರು ಬಿಟ್ಟರು. ಕಂದು ಕೆಸರು ಬಂತು, ಜೊತೆಗೆ ಆ ದ್ರಾವಣದ ಬೂದು ಗಸಿ. ಜೋರಾಗಿ ಬಿಟ್ಟರೆ ಕೋರ್ ಒಡೆಯುತ್ತೆ ಅಂತ ಮೊದಲೇ ಹೇಳಿದ್ದರು. ಸ್ವಲ್ಪ ದಿನ ಬಿಸಿ ಬಂತು, ಮತ್ತೆ ನಿಂತಿತು. ಕೊನೆಗೆ ಕೋರ್ ಬದಲಿಸಲು ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಾಯಿತು. ಬಿಲ್ಲಿನಲ್ಲಿ ಕೋರ್‌ನ ಬೆಲೆಗಿಂತ ಕೂಲಿ ಎಷ್ಟೋ ಪಟ್ಟು ಜಾಸ್ತಿ ಇತ್ತು.

ಕೂಲಂಟ್ ತುಂಬಿಸುವಾಗ ಅವರು ಮಾಡಿದ್ದನ್ನು ಗಮನಿಸಿದೆ. ಮುಂಭಾಗ ಎತ್ತರಿಸಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕಾದರು. ಕಂಪನಿ ಪುಸ್ತಕದಲ್ಲಿ ಹೇಳಿದ ಜಾತಿಯದ್ದೇ ಹಾಕಿದರು. ಬಣ್ಣ ನೋಡಿ ಕೂಲಂಟ್ ತರಬೇಡಿ, ಬಣ್ಣಕ್ಕೆ ನಿಯಮವೇ ಇಲ್ಲ. ಬೇರೆ ಬೇರೆ ಜಾತಿ ಬೆರೆತರೆ ಕೆಲವೊಮ್ಮೆ ಲೋಳೆ ಕಟ್ಟುತ್ತೆ. ಕೆಳಗೆ ಚೆಲ್ಲಿದ್ದನ್ನು ಆಗಲೇ ತೊಳೆದರು. ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸ್ವಲ್ಪವೇ ಸಾಕು, ಕಿಡ್ನಿ ಹೋಗುತ್ತೆ.

ಕಾರಿನೊಳಗೆ ಸಿಹಿ ವಾಸನೆ ಬಂದರೆ, ಗಾಜಿನ ಒಳಗಡೆ ಒರೆಸಿದರೂ ಹೋಗದ ಜಿಡ್ಡಿನ ಮಂಜು ಕೂತರೆ, ಪಕ್ಕದ ಸೀಟಿನ ಕೆಳಗೆ ಮ್ಯಾಟ್ ಒದ್ದೆಯಾದರೆ, ಕೋರ್ ಒಳಗೇ ಸೋರುತ್ತಿದೆ ಅಂತ ಅರ್ಥ. ನನಗೆ ಅದೊಂದು ಆಗಲಿಲ್ಲ, ಬಿಟ್ಟುಬಿಡಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ಇಷ್ಟೆಲ್ಲ ಗಾಬರಿ ಬೇಡ, ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ.

ಹೀಟರ್ ರಿಪೇರಿ ಮಾಡಿಸಿದವರು ಟೆಸ್ಟ್ ಡ್ರೈವ್ ನಂಬಿ ದುಡ್ಡು ಕೊಡಬೇಡಿ. ಗಾಡಿ ಬಿಸಿಯಾದ ಮೇಲೆ ಹತ್ತು ನಿಮಿಷ ನಿಂತಲ್ಲೇ ಐಡಲ್‌ನಲ್ಲಿ ಬಿಡಿ, ಗಾಳಿ ಬರುವ ಕಡೆ ಕೈ ಹಿಡಿದು ಕೂತಿರಿ. ತಣ್ಣಗಾದರೆ ಬಿಲ್ ವಾಪಸ್ ಕೊಟ್ಟು, ಅವರ ಎದುರಿಗೇ ಪ್ರೆಷರ್ ಟೆಸ್ಟ್ ಮಾಡಿಸಿ.