ಜೋರು ಗಾಳಿಗೆ ಹಾಯಿಹಗ್ಗ: ಜಗ್ಗಬೇಕಾ, ಬಿಡಬೇಕಾ?

ಭಾನುವಾರ ನಸುಕಿಗೆ ಬೀದರಿನಲ್ಲಿ ಬಸ್ಸು ಹತ್ತಿ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಓಡಿಸಿ, ರಾತ್ರಿ ಮನೆ ಸೇರುವವನು ನಮ್ಮ ಓಣಿಯ ಲೆಕ್ಕದಲ್ಲಿ ಅರೆಹುಚ್ಚ. ನನ್ನ ಅಂಗೈ ಬೊಬ್ಬೆ ನೋಡಿ ಕಾಕಾ ಕೇಳಿದರು: "ಗಾಳಿ ಜಾಸ್ತಿ ಆದ್ರ ಹಗ್ಗ ಬಿಟ್ರ ಆಯ್ತಲ್ಲ, ಯಾಕ ಜಗ್ಗಾಡ್ತಿ?"

ಪ್ರಶ್ನೆ ಸರಿಯಾಗೇ ಇದೆ. ಉತ್ತರ ಸಿಗಲು ನನಗೆ ಒಂದು ಮಳೆಗಾಲ ಹಿಡಿಯಿತು.

ದೋಣಿ ಲೇಸರ್. ಈಗ ಐಎಲ್‌ಸಿಎ 7 ಅಂತಾರೆ. ಉದ್ದ ಸುಮಾರು 4.2 ಮೀಟರ್, ಇರುವುದೊಂದೇ ಹಾಯಿ, 7.06 ಚದರ ಮೀಟರ್. ನಾನು 64 ಕೆಜಿ. ಗಾಳಿ 10 ನಾಟ್‌ನಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 15ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡೂಕಾಲು ಪಟ್ಟಾಗುತ್ತದೆ. ಎದುರುಗಾಳಿಗೆ ಓರೆಯಾಗಿ ಹೋಗುವಾಗ ಅದೆಲ್ಲ ದೋಣಿಯನ್ನು ವಾಲಿಸಲು ನೋಡುತ್ತದೆ.

ವಾಲದಂತೆ ತಡೆಯಲು ಮೊದಲು ಬರೀ ಮೈಬಲ. ದೋಣಿಯೊಳಗಿನ ಪಟ್ಟಿಗೆ ಪಾದ ಸಿಕ್ಕಿಸಿ ಬೆನ್ನು ನೀರಿನ ಮೇಲೆ ಚಾಚಿದೆ. ಹದವಾದ ಗಾಳಿಗೆ ಇದೇ ಸಾಕು. ಜೋರಾದರೆ ಐದೇ ನಿಮಿಷಕ್ಕೆ ತೊಡೆ ನಡುಗುತ್ತದೆ.

ಎರಡನೆಯದು, ಗಾಳಿ ಹೊಡೆದಾಗ ಮೂತಿಯನ್ನು ಇನ್ನಷ್ಟು ಗಾಳಿಯ ಕಡೆ ತಿರುಗಿಸುವುದು. ವಾಲುವುದು ನಿಂತಿತು, ಜೊತೆಗೆ ದೋಣಿಯೂ ನಿಂತಿತು! ವೇಗ ಇಳಿದರೆ ಕೆಳಗಿನ ಹಲಗೆಗೆ ನೀರಿನ ಹಿಡಿತ ತಪ್ಪಿ ದೋಣಿ ಪಕ್ಕಕ್ಕೆ ಜಾರುತ್ತದೆ. ತುಸು ತಿರುಗಿಸಿದರೆ ಒಳ್ಳೆಯದೇ, ನನ್ನ ಕೈಯಲ್ಲಿ ಮಾತ್ರ ಅತಿಯಾಯಿತು.

ಆಮೇಲೆ ಕಾಕಾ ಹೇಳಿದ್ದನ್ನೇ ಮಾಡಿದೆ, ಸುಮ್ನೆ ಹಗ್ಗ ಬಿಟ್ಟೆ. ಹಾಯಿಯ ಬುಡದ ಅಡ್ಡಕೋಲು, ಅಂದರೆ ಬೂಮ್, ಪಕ್ಕಕ್ಕೆ ಹೋಗುವ ಬದಲು ಮೇಲಕ್ಕೆದ್ದಿತು. ಬಾಗಿದ್ದ ಕಂಬ ನೆಟ್ಟಗಾಯಿತು, ಹಾಯಿಯ ತುದಿ ಪಟಪಟ ಬಡಿಯಿತು, ಕೆಳಭಾಗ ಹೊಟ್ಟೆ ಬಿಟ್ಟಿತು. ಹಗ್ಗ ಮತ್ತೆ ಎಳೆದ ಕೂಡಲೇ ಬಲವೆಲ್ಲ ಒಮ್ಮೆಲೇ ಬಂತು, ನಾನು ನೀರಿನಲ್ಲಿದ್ದೆ.

ಗೆದ್ದಿದ್ದು ಕಿಕ್ಕರ್. ಬೂಮನ್ನು ಕಂಬದ ಬುಡಕ್ಕೆ ಎಳೆದಿಡುವ ಹಗ್ಗ ಅದು. ದಡ ಬಿಡುವ ಮುಂಚೆಯೇ ಗಟ್ಟಿಯಾಗಿ ಜಗ್ಗಿ, ಕನ್ನಿಂಗ್‌ಹ್ಯಾಮ್ ಹಗ್ಗದಿಂದ ಹಾಯಿಯ ಮುಂದಿನ ಅಂಚು ಬಿಗಿಮಾಡಿದೆ. ಈಗ ಮೇನ್‌ಶೀಟ್, ಅಂದರೆ ಕೈಯಲ್ಲಿನ ಹಾಯಿಹಗ್ಗ, ಒಂದು ಗೇಣು ಬಿಟ್ಟರೂ ಬೂಮ್ ಏಳುವುದಿಲ್ಲ, ಹೊರಕ್ಕೆ ಸರಿಯುತ್ತದೆ. ಕಂಬ ಬಾಗಿಯೇ ಇರುತ್ತದೆ, ಹಾಯಿ ಚಪ್ಪಟೆ. ಅತಿ ವಾಲಿದ ದೋಣಿಯ ಚುಕ್ಕಾಣಿ ಹಟಮಾರಿ ಎತ್ತಿನ ಹಾಗೆ ಕೈ ಜಗ್ಗುತ್ತಿತ್ತು. ಈಗ ಎರಡೇ ಬೆರಳಿಗೆ ಮಾತು ಕೇಳಿತು. ಗಾಳಿ ಹೊಡೆದಾಗ ಬಿಡು, ಇಳಿದಾಗ ಎಳಿ, ಅಷ್ಟೇ ಕೆಲಸ.

ನನ್ನ ತೂಕಕ್ಕೆ ಐಎಲ್‌ಸಿಎ 6ರ 5.76 ಚದರ ಮೀಟರ್ ಹಾಯಿಯೇ ಸರಿ ಅಂತಾರೆ. ನಿಜ. ಹಟ ನನ್ನದು, ಅಲ್ವಾ?

ಕಿಕ್ಕರ್‌ಗೂ ಒಂದು ಕೆಟ್ಟ ಬುದ್ಧಿ ಇದೆ. ಬೂಮ್ ತೀರಾ ಕೆಳಗಿರುತ್ತದೆ, ದಿಕ್ಕು ಬದಲಿಸುವಾಗ ಗದ್ದ ಮೊಣಕಾಲಿಗೆ ತಾಗುವಷ್ಟು ಬಗ್ಗಬೇಕು. ನಾನು ಬಗ್ಗಿದ್ದು ಸಾಲದೆ ಬಲಗಿವಿ ಎರಡು ದಿನ ಊದಿತ್ತು. ಗುರುತಿಗೆ ತೇಲಿಬಿಟ್ಟ ಬೋಯ್ ಸುತ್ತಿ ಗಾಳಿಗೆ ಬೆನ್ನು ಮಾಡುವ ಮುಂಚೆ ಕಿಕ್ಕರ್ ಸಡಿಲಿಸಲೇಬೇಕು. ನಾನು ಮರೆತೆ. ಬೂಮಿನ ತುದಿ ನೀರಿಗೆ ತಾಗಿತು, ದೋಣಿ ತಿರುಗಲೊಲ್ಲದೆ ಮಗುಚಿತು.