ಅನೇಕ್ ಕನ್ನಡ: ಕಾಫಿ ಪುಡಿ ಕವರ್ ಮೇಲೆ ಹಾಕಿ ನೋಡಿದ ಫಾಂಟು

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ. ಬೀಜ ಹುರಿದು, ಬೀಸಿ, ಕೇಳಿದಷ್ಟು ಚಿಕೋರಿ ಬೆರೆಸಿ ಕೊಡುವುದು ಅಪ್ಪನ ಕಾಲದಿಂದ ಬಂದ ವ್ಯಾಪಾರ. ಫಾಂಟ್ ಹುಚ್ಚು ಮಾತ್ರ ನನ್ನ ಸ್ವಯಾರ್ಜಿತ. ಬಸ್ಸಿನಲ್ಲಿ ಕೂತರೆ ಬೋರ್ಡುಗಳನ್ನೇ ನೋಡುತ್ತೇನೆ. ಮದುವೆ ಕಾಗದ ಬಂದರೆ ಮುಹೂರ್ತ ಎಷ್ಟೊತ್ತಿಗೆ ಅಂತ ಮನೆಯವಳು ಕೇಳುತ್ತಿರುತ್ತಾಳೆ, ನಾನು ‘ಜ್ಯೇಷ್ಠ ಪುತ್ರಿ’ಯ ಒತ್ತಕ್ಷರ ಎಲ್ಲಿ ಕೂತಿದೆ ಅಂತ ಹುಡುಕುತ್ತಿರುತ್ತೇನೆ.

ಕಾಲು ಕೆಜಿ ಕವರ್ ಖಾಲಿಯಾಯಿತು. ಹಳೇ ಡಿಸೈನ್ ಫೈಲ್ ತೆಗೆದರೆ ಕನ್ನಡ ಇರಬೇಕಾದ ಕಡೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಟೋಪಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಬಳಕೆಗೆ ಬರುವ ಮುಂಚಿನ ಪದ್ಧತಿಯ ಫಾಂಟಿನಲ್ಲಿ ಮಾಡಿಸಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ. ಸರಿ, ಹೊಸದಾಗಿಯೇ ಮಾಡೋಣ ಅಂತ ಕೂತೆ. ನಿಜ ಹೇಳಬೇಕೆಂದರೆ ಇಂಥದೊಂದು ನೆಪಕ್ಕೇ ಕಾಯುತ್ತಿದ್ದೆ.

ಅನೇಕ್ ಕನ್ನಡ ಮುಂಬೈನ ಏಕ್ ಟೈಪ್ ತಂಡದ್ದು, 2022ರಲ್ಲಿ ಗೂಗಲ್ ಫಾಂಟ್ಸ್‌ಗೆ ಬಂತು. ಫ್ಲೆಕ್ಸ್, ಪೋಸ್ಟರ್‌ಗಳಲ್ಲಿ ಕಾಣುವ ಗುಂಡುಗುಂಡಗಿನ ‘ಬಲೂ ತಮ್ಮ’ನೂ ಅದೇ ಮನೆಯವನು. ಅನೇಕ್ ಕುಟುಂಬದಲ್ಲಿ ನಮ್ಮ ದೇಶದ ಒಂಬತ್ತು ಲಿಪಿಗಳಿವೆ, ಜೊತೆಗೆ ಇಂಗ್ಲಿಷ್ ಅಕ್ಷರವೂ ಇದೆ. ದುಡ್ಡು ಕೊಡಬೇಕಿಲ್ಲ, ಮುಕ್ತ ಪರವಾನಗಿ, ವ್ಯಾಪಾರಕ್ಕೂ ಬಳಸಬಹುದು. ಇದು ವೇರಿಯಬಲ್ ಫಾಂಟ್. ಅಂದರೆ ಒಂದೇ ಫೈಲಿನೊಳಗೆ ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ, ನಡುವಿನ ಯಾವ ಅಳತೆ ಬೇಕಾದರೂ ಸಿಗುತ್ತದೆ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಎರಡು ಗುಂಡಿ ಬರುತ್ತವೆ, ಎಳೆದರೆ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲ ದಿನ ರಾತ್ರಿ ಹನ್ನೆರಡರವರೆಗೆ ಬರೀ ‘ಳ’ ಹಿಡಿದು ಎಳೆದಾಡಿದೆ.

ಈ ಅಗಲದ ಗುಂಡಿಯೇ ನನಗೆ ಬೇಕಾಗಿದ್ದದ್ದು. ನಮ್ಮ ಊರಿನ ಹೆಸರು ನೋಡಿ: ಆರು ಅಕ್ಷರ, ಒಂದು ಒತ್ತು, ಮಧ್ಯೆ ‘ಳೂ’ ಅಂತ ಬಾಲ ಬಿಟ್ಟುಕೊಂಡು ಕೂತ ದೀರ್ಘ. ಕವರ್ ಮೇಲೆ ಸಿಗುವುದು ಒಂಬತ್ತು ಸೆಂಟಿಮೀಟರ್. ದೂರಕ್ಕೆ ಕಾಣುವ ಹಾಗೆ ದೊಡ್ಡದಾಗಿ ಹಾಕಿದರೆ ಕೊನೆಯ ‘ರು’ ಮಡಿಕೆಯೊಳಗೆ ಹೋಗಿಬಿಡುತ್ತದೆ. ಸಾಮಾನ್ಯವಾಗಿ ಇಂಥ ಕಡೆ ಅಕ್ಷರವನ್ನು ಎರಡೂ ಕಡೆಯಿಂದ ಒತ್ತಿ ಸಣ್ಣ ಮಾಡುತ್ತಾರೆ. ಹಾಗೆ ಹಿಂಡಿದಾಗ ನಿಂತ ಗೆರೆಗಳು ಸೊರಗುತ್ತವೆ, ಮಲಗಿದ ಗೆರೆಗಳು ಹಾಗೇ ದಪ್ಪ ಉಳಿಯುತ್ತವೆ, ತಲೆಕಟ್ಟು ಮಾತ್ರ ಹೊರೆ ಹೊತ್ತ ಹಾಗೆ ಕಾಣುತ್ತದೆ. ಅನೇಕ್‌ನಲ್ಲಿ 80ಕ್ಕೆ ತಂದರೂ ಗೆರೆಯ ದಪ್ಪ ಕೆಡಲಿಲ್ಲ. ‘ಗ’ ಸ್ವಲ್ಪ ಎತ್ತರ ಬೆಳೆದ ಹುಡುಗನ ಹಾಗಾಯಿತು, ಅಷ್ಟೇ. ‘ಕ್ಕ’ದ ಒತ್ತು ಕೂಡ ಅದರ ಜಾಗದಲ್ಲೇ ನೆಟ್ಟಗೆ ಕೂತಿತು. ಊರು ಒಂದೇ ಸಾಲಿಗೆ ಬಂತು.

ಎಡವಿದ್ದು ನಾನು, ‘ಕಾಫಿ’ ಅನ್ನುವ ಪದದಲ್ಲಿ.

‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಹೊಟ್ಟೆ ಸೀಳಬೇಕು ಅಂತ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು ಅದನ್ನೇ. ನಾನು ಆಸೆಗೆ ಬಿದ್ದು ದಪ್ಪವನ್ನು ಪೂರ್ತಿ 800ಕ್ಕೆ ಎಳೆದೆ. ಪರದೆ ಮೇಲೆ ಗಜಗಾಂಭೀರ್ಯ. ಆದರೆ ನಮ್ಮದು ಕಂದು ಬಣ್ಣದ ಒರಟು ಕಾಗದದ ಕವರ್, ಇಂಕು ಹೀರಿಕೊಂಡು ಹಬ್ಬುತ್ತದೆ. ಮುಂದಿನ ಕಡೆಯ ದೊಡ್ಡ ಅಕ್ಷರಕ್ಕೆ ಏನೂ ಆಗಲಿಲ್ಲ. ಪಕ್ಕದ ಮಡಿಕೆಯಲ್ಲಿ ಸಣ್ಣದಾಗಿ ಹಾಕಿದ ಕಡೆಯೆಲ್ಲ ಸೀಳು ಮುಚ್ಚಿ ‘ಕಾಪಿ’ ಆಗಿತ್ತು. ಐನೂರು ಕವರ್! ಮನೆಯವಳು ಒಂದನ್ನು ಬೆಳಕಿಗೆ ಹಿಡಿದು ನೋಡಿ, “ಏನೀಗ ರೀ, ಅತ್ತೆ ಕೊನೇವರೆಗೂ ಹಂಗೇ ಅಂತಿದ್ರಲ್ಲ” ಅಂದಳು. ಎಸೆಯಲಿಲ್ಲ, ಅವುಗಳಲ್ಲೇ ಪುಡಿ ತುಂಬಿ ಮಾರಿದೆವು. ಎರಡನೇ ಸಲ ದೊಡ್ಡ ಅಕ್ಷರಕ್ಕೆ 700, ಸಣ್ಣದಕ್ಕೆ 500 ಇಟ್ಟೆ. ಸೀಳು ತೆರೆದುಕೊಂಡಿತು.

ಸಣ್ಣ ಅಕ್ಷರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕ ಕವರ್ ಮೇಲೆ ಹಾಕಲೇಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಅದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹಾಕಿದ್ದೇನೆ. ಎರಡೂ ಒಂದೇ ಕೈಯಲ್ಲಿ ಬರೆದ ಹಾಗೆ ಕಾಣುತ್ತವೆ. ಬೇರೆ ಫಾಂಟ್‌ಗಳಲ್ಲಿ ಎಷ್ಟೋ ಸಲ ಇಂಗ್ಲಿಷ್ ಎದೆಯುಬ್ಬಿಸಿ ನಿಂತಿರುತ್ತದೆ, ಕನ್ನಡ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತದೆ. ‘೮೦:೨೦’ ಅಂತ ಕನ್ನಡ ಅಂಕಿಯನ್ನೂ ದೊಡ್ಡದಾಗಿ ಹಾಕಿದೆ. ಕಾಲೇಜು ಹುಡುಗನೊಬ್ಬ, “ಅಂಕಲ್, ಇದು ಎಷ್ಟು?” ಅಂತ ಕೇಳಿದ. ಕೆಳಗೆ 80:20 ಸೇರಿಸಿದೆ. ಅದಕ್ಕೆ ಫಾಂಟ್ ಏನು ಮಾಡೀತು.

ಸಾಲುಗಳ ನಡುವಿನ ಅಂತರದಲ್ಲಿ ಜಿಪುಣತನ ಬೇಡ. ‘ಸ್ಟ್ರಾಂಗ್’ ಬರೆದು ಅದರ ಕೆಳಗೆ ‘ಮಿಕ್ಸ್’ ಬರೆದಿದ್ದೆ. ಮೇಲಿನ ‘ಟ’ ಒತ್ತು, ‘ರ’ ಒತ್ತು ಇಳಿದು ಬಂದು ಕೆಳಗಿನ ‘ಮಿ’ಯ ಗುಡಿಸನ್ನು ಮುಟ್ಟುತ್ತಿದ್ದವು. ಇದು ಯಾವ ಕನ್ನಡ ಫಾಂಟಿನಲ್ಲೂ ತಪ್ಪದ ಸಂಗತಿ, ನಮ್ಮ ಅರ್ಧ ಬರವಣಿಗೆ ಸಾಲಿನ ಕೆಳಗೇ ನಡೆಯುತ್ತದೆ. ಎರಡನ್ನೂ ಒಂದೇ ಸಾಲಿಗೆ ತಂದೆ, ಜಗಳ ಮುಗಿಯಿತು.

ಪ್ರೆಸ್ಸಿಗೆ ಕೊಡುವವರಿಗೆ ಒಂದು ಮಾತು. ನಾನು ಟೈಪ್ ಮಾಡಿದ್ದನ್ನು ಹಾಗೇ ಕಳಿಸಿದೆ. ಅವರ ಹಳೇ ಸಾಫ್ಟ್‌ವೇರ್‌ನಲ್ಲಿ ಒತ್ತುಗಳೆಲ್ಲ ಕಳಚಿಕೊಂಡು ‘ಚಿಕ್‌ಕಮಗಳೂರು’ ಆಗಿ ನಿಂತಿತ್ತು. ಅಲ್ಲಿನ ಹುಡುಗ ಫೋನ್ ಮಾಡಿ, “ಸಾರ್, ಕರ್ವ್ ಮಾಡಿ ಕಳ್ಸಿ” ಅಂದ. ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ ಕಳಿಸಿದರೆ ಅವರ ಹತ್ತಿರ ಫಾಂಟ್ ಇರಲಿ ಬಿಡಲಿ, ತೊಂದರೆಯಿಲ್ಲ. ಕಳಿಸುವ ಮುಂಚೆ ಮೂಲ ಫೈಲಿನ ಒಂದು ಪ್ರತಿ ಇಟ್ಟುಕೊಳ್ಳಿ, ಕರ್ವ್ ಆದ ಮೇಲೆ ಒಂದು ಕಾಗುಣಿತ ತಿದ್ದಲೂ ಆಗುವುದಿಲ್ಲ.

ಕೊರತೆ ಅಂದರೆ, ನನ್ನ ರುಚಿಗೆ ಇದು ಸ್ವಲ್ಪ ಇಸ್ತ್ರಿ ಹಾಕಿದ ಫಾಂಟು. ನಮ್ಮ ಅಂಗಡಿ ಬೋರ್ಡಿನಲ್ಲಿ ಪೇಂಟರ್ ಬರೆದ ‘ಫ’ದ ಸೀಳು ಬಾಣದ ಹಾಗೆ ಕೆಳಗೆ ಚಿಮ್ಮಿದೆ, ಆ ಗತ್ತು ಇಲ್ಲಿಲ್ಲ. ದಿನಾ ಮಾರುವ ಕವರ್‌ಗೆ ಅದು ಬೇಕಾಗಿಯೂ ಇಲ್ಲ ಅನ್ನಿ. ಪೀಬರಿ (ಹಣ್ಣಿನೊಳಗೆ ಒಂದೇ ಗುಂಡು ಬೀಜವಿರುವ ಕಾಫಿ) ಪುಡಿಯ ಕವರ್‌ಗೆ ಮಾತ್ರ ‘ಅಕಾಯ ಕನಡಕ’ ಅನ್ನುವ ಇನ್ನೊಂದು ಫಾಂಟ್ ಹಾಕಿ ನೋಡುತ್ತಿದ್ದೇನೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು, ಒಂದೇ ದಪ್ಪ, ಕೈಬರಹದ ತುಂಟತನ. ‘ಪೀಬರಿ’ಯಲ್ಲಿ ಒತ್ತೂ ಇಲ್ಲ, ಹೊಟ್ಟೆ ಸೀಳುವುದೂ ಇಲ್ಲ. ಈ ಸಲ ಐನೂರಲ್ಲ, ಐವತ್ತು ಕವರ್ ಮಾತ್ರ ಹೇಳಿದ್ದೇನೆ.